ರೋಜರ್ ವಾಟರ್ಸ್: ನೀವು ನೋಡಿದ ಟೂರ್‌ಗಳಲ್ಲಿ ಯಾವುದು ಬೆಸ್ಟ್? (ನಮ್ಮ 2002ರ ಅರಮನೆ ಮೈದಾನವೂ ಲೆಕ್ಕಕ್ಕುಂಟು)

ಹಳೇ_ಕ್ಯಾಸೆಟ್
ಮೊನ್ನೆ ಭಾನುವಾರ ಅಕ್ಕನ ಮಗನ ಜೊತೆ ಕೂತು, ಪಿಂಕ್ ಫ್ಲಾಯ್ಡ್ ಅನ್ನೋ ಬ್ರಿಟಿಷ್ ರಾಕ್ ಬ್ಯಾಂಡ್‌ನಲ್ಲಿದ್ದ ವಾಟರ್ಸ್‌ನ ಪ್ರಾಗ್ ಶೋ ನೋಡಿದೆ. 2023ರ ಮೇ ತಿಂಗಳಲ್ಲಿ ಚಿತ್ರೀಕರಿಸಿದ್ದು. ಹುಡುಗನಿಗೆ ಇಪ್ಪತ್ತೊಂದು. ಮುಗಿದ ಮೇಲೆ ನಾನು ಯಥಾಪ್ರಕಾರ ಶುರು ಮಾಡಿದೆ. "2002ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ನಾನು ನೋಡಿದ್ದೆ ಕಣೋ, ಅದರ ಮುಂದೆ ಇದೇನೂ ಅಲ್ಲ." ಅವನು ಒಂದೇ ಪ್ರಶ್ನೆ ಕೇಳಿದ. "ಮಾಮ, ಅದು ಬಿಟ್ಟು ನೀನು ಬೇರೆ ಯಾವ ಟೂರ್ ನೋಡಿದ್ದೀಯಾ?"

ನೋಡಿಲ್ಲ. ಒಂದೂ ನೋಡಿಲ್ಲ. ಇಪ್ಪತ್ತು ವರ್ಷದಿಂದ ಬಾಯಿ ಬಡ್ಕೊಳ್ತಾ ಇದ್ದೀನಿ, ಹೋಲಿಸೋಕೆ ನನ್ನ ಹತ್ತಿರ ಇರೋದು ಡಿವಿಡಿಗಳು ಮಾತ್ರ.

ಅದಕ್ಕೇ ಎರಡು ಮೂರು ಟೂರ್ ಕಣ್ಣಾರೆ ನೋಡಿದವರನ್ನು ಕೇಳ್ತಿದ್ದೀನಿ. ಇನ್ ದ ಫ್ಲೆಶ್ (1999ರಿಂದ 2002), ಡಾರ್ಕ್ ಸೈಡ್ (2006ರಿಂದ 2008), ದ ವಾಲ್ (2010ರಿಂದ 2013), ಅಸ್ ಪ್ಲಸ್ ದೆಮ್ (2017, 2018), ದಿಸ್ ಈಸ್ ನಾಟ್ ಎ ಡ್ರಿಲ್ (2022, 2023). ಯಾವುದು ಮೇಲು? ಬೆಂಗಳೂರಿನದು ನಿಜವಾಗಲೂ ಚೆನ್ನಾಗಿತ್ತಾ, ಅಥವಾ ನನಗೆ ಆಗ ವಯಸ್ಸು ಚಿಕ್ಕದಿತ್ತು ಅಷ್ಟೇನಾ?

ಸುಮ್ನೆ_ಓದುಗ
ವಯಸ್ಸು ಚಿಕ್ಕದಿತ್ತು ಅಷ್ಟೇ. ಮುಂದಿನ ಪ್ರಶ್ನೆ?

ಮೇಖ್ರಿ_ಸರ್ಕಲ್
ನಾನೂ ಅವತ್ತು ಅಲ್ಲೇ ಇದ್ದೆ. ಪಿಂಕ್ ಫ್ಲಾಯ್ಡ್ ಬೆಂಗಳೂರಿಗೆ ಬಂದಿದ್ದು ಅದೊಂದೇ ಸಲ. ಅದನ್ನು ಯಾವುದಕ್ಕೂ ಹೋಲಿಸಬೇಡಿ.

ಗಿಲ್ಮೋರ್_ಪಕ್ಷ
ಪಿಂಕ್ ಫ್ಲಾಯ್ಡ್ ಬೆಂಗಳೂರಿಗೆ ಯಾವತ್ತೂ ಬಂದಿಲ್ಲ ಸಾರ್. ಭಾರತಕ್ಕೇ ಬಂದಿಲ್ಲ. ಬಂದಿದ್ದು ಬ್ಯಾಂಡ್ ಬಿಟ್ಟು ಹೋದ ಬಾಸ್ ವಾದಕ. ಮಾವ ಬಂದರೆ ಮದುವೆ ದಿಬ್ಬಣ ಬಂತು ಅನ್ನೋ ಹಾಗಾಯ್ತು ಇದು.

ಮೇಖ್ರಿ_ಸರ್ಕಲ್
ಬಾಸ್ ವಾದಕ ಅಂತೆ! ದ ವಾಲ್ ಆಲ್ಬಮ್ ಬರೆದವನು ಯಾರು? ಅನಿಮಲ್ಸ್ ಬರೆದವನು ಯಾರು? ಡಾರ್ಕ್ ಸೈಡ್‌ನ ಅಷ್ಟೂ ಸಾಹಿತ್ಯ ಯಾರದ್ದು?

ಗಿಲ್ಮೋರ್_ಪಕ್ಷ
ಸಾಹಿತ್ಯ ಅವನದ್ದೇ, ಒಪ್ಪಿದೆ. ಆದರೆ ಪಿಂಕ್ ಫ್ಲಾಯ್ಡ್‌ನಲ್ಲಿ ಡೇವಿಡ್ ಗಿಲ್ಮೋರ್ ನುಡಿಸ್ತಿದ್ದ ಆ ಗಿಟಾರ್ ಸೋಲೊ ನುಡಿಸೋಕೆ ಪ್ರತಿ ಟೂರ್‌ಗೂ ಯಾರನ್ನಾದರೂ ಬಾಡಿಗೆಗೆ ತರಬೇಕು. ಒಮ್ಮೊಮ್ಮೆ ಇಬ್ಬರನ್ನು.

ಟೊರಾಂಟೊ_ತುಂಗಾ
ಇಬ್ಬರೂ ಸ್ವಲ್ಪ ಸುಮ್ಮನಿರಿ, ಪ್ರಶ್ನೆ ಕೇಳಿದವರಿಗೆ ಉತ್ತರ ಹೇಳೋಣ. ನಾನು ಮೂರು ಟೂರ್ ನೋಡಿದ್ದೀನಿ, ಮೂರೂ ಟೊರಾಂಟೊದಲ್ಲೇ.

ದ ವಾಲ್ ಶುರುವಾಗಿದ್ದೇ ನಮ್ಮೂರಲ್ಲಿ, 2010ರ ಸೆಪ್ಟೆಂಬರ್ 15. ಅದೇ ಮೊದಲ ರಾತ್ರಿಯ ಟಿಕೆಟ್ ಸಿಕ್ಕಿತ್ತು. ಮೊದಲ ಹಾಡಿನ ಕೊನೆಗೆ ನಮ್ಮ ತಲೆ ಮೇಲಿಂದ ಒಂದು ವಿಮಾನ ತಂತಿ ಮೇಲೆ ಜಾರಿಕೊಂಡು ಹೋಗಿ ಗೋಡೆಗೆ ಗುದ್ದಿ ಬೆಂಕಿ ಹತ್ತಿಕೊಂಡಿತು. ನನ್ನ ಗಂಡ ಅವತ್ತು ಪಾಪ್‌ಕಾರ್ನ್ ಚೆಲ್ಲಿದವರು, ಇವತ್ತಿಗೂ ಒಪ್ಪಿಕೊಳ್ಳಲ್ಲ.

ಆಮೇಲೆ ಹಾಡು ನಡೀತಿರುವಾಗಲೇ ಕೆಲಸದವರು ಬಂದು ಇಟ್ಟಿಗೆ ಮೇಲೆ ಇಟ್ಟಿಗೆ ಜೋಡಿಸ್ತಾ ಹೋಗ್ತಾರೆ. ರಟ್ಟಿನ ಇಟ್ಟಿಗೆ. 240 ಅಡಿ ಅಗಲ, 35 ಅಡಿ ಎತ್ತರ. ಮಧ್ಯಂತರದ ಹೊತ್ತಿಗೆ ಬ್ಯಾಂಡ್ ಪೂರ್ತಿ ಗೋಡೆ ಹಿಂದೆ. ಕೊನೇ ಇಟ್ಟಿಗೆಯ ಸಂದಿಯಿಂದ ಅವನ ಮುಖ ಕಾಣುತ್ತೆ, ವಿದಾಯದ ಹಾಡು ಹೇಳ್ತಾನೆ, ಅದೂ ಮುಚ್ಚಿಹೋಗುತ್ತೆ. ಹದಿನೈದು ಸಾವಿರ ಜನ ಒಂದು ಬಿಳೀ ಗೋಡೆ ನೋಡ್ತಾ ಕೂತಿದ್ವಿ. ವಿರಾಮದಲ್ಲಿ ಅದರ ಮೇಲೆ ಯುದ್ಧ, ಹಿಂಸೆಯಲ್ಲಿ ಸತ್ತವರ ಫೋಟೋಗಳು, ಹೆಸರುಗಳು. ಅದರಲ್ಲಿ 1944ರಲ್ಲಿ ಇಟಲಿಯ ಆನ್ಜಿಯೋದಲ್ಲಿ ಸತ್ತ ಅವರಪ್ಪನದೂ ಇತ್ತು. ಕಾಫಿಗೆ ಎದ್ದವಳು ಅಲ್ಲೇ ನಿಂತುಬಿಟ್ಟೆ.

2017 ಮತ್ತು 2022 ಆಮೇಲೆ ಬರೀತೀನಿ, ಇಲ್ಲಿ ಡ್ರೈವ್‌ವೇ ಮೇಲೆ ಹಿಮ ಬಿದ್ದಿದೆ.

ಕುಡ್ಲದ_ಬಾಸ್
ತುಂಗಾ ಅವರೇ ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಕೇಳ್ತೇನೆ ಮಾರಾಯ್ರೆ. ನೀವು ಬರೆದದ್ದರಲ್ಲಿ ವಿಮಾನ ಉಂಟು, ಇಟ್ಟಿಗೆ ಉಂಟು, ಫೋಟೋ ಉಂಟು, ಪಾಪ್‌ಕಾರ್ನ್ ಸಹ ಉಂಟು. ಸಂಗೀತ ಎಲ್ಲಿ?

ನಾನು ನೋಡಿದ್ದು 2007ರ ಫೆಬ್ರವರಿಯಲ್ಲಿ ಮುಂಬೈಯದ್ದು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ನಾವು ನಾಲ್ಕು ಜನ ಹೋದದ್ದು. ಕುರ್ಲಾದಲ್ಲಿ ಇಳಿದರೆ ಮೈದಾನ ಹತ್ತಿರ, ಬಾಂದ್ರಾ ಕುರ್ಲಾದಲ್ಲೇ. ಮೊದಲ ಭಾಗ ಬೇರೆ ಬೇರೆ ಹಾಡುಗಳು, ಎರಡನೇ ಭಾಗದಲ್ಲಿ ಡಾರ್ಕ್ ಸೈಡ್ ಪೂರ್ತಿ, ಮೊದಲಿನಿಂದ ಕೊನೇ ತನಕ, ಆಲ್ಬಮ್‌ನ ಅದೇ ಕ್ರಮದಲ್ಲಿ. ಮನಿ ಹಾಡಿನ ಬಾಸ್ ಶುರುವಾದಾಗ ನಾನು ಅವನ ಎಡಗೈ ಬೆರಳು ನೋಡ್ತಾ ಇದ್ದೆ. ಕಪ್ಪು ಪ್ರಿಸಿಷನ್ ಬಾಸ್, ಪಿಕ್ ಹಿಡಿದು ನುಡಿಸ್ತಾನೆ. ಏಳು ಮಾತ್ರೆಯ ತಾಳ. ನಮ್ಮ ಮಿಶ್ರಛಾಪು ಗೊತ್ತಿದ್ದವರಿಗೆ ಅದು ಹೊಸತಲ್ಲ, ಆದರೆ ಸುತ್ತ ಚಪ್ಪಾಳೆ ಹೊಡೀತಿದ್ದವರೆಲ್ಲ ಎಂಟಕ್ಕೆ ಹೊಡೆದು ತಪ್ಪುತ್ತಿದ್ದರು. ನಾನು ಒಬ್ಬನೇ ಏಳಕ್ಕೆ. ಎಷ್ಟು ಖುಷಿ ಅಂತೀರಿ!

ವಾಲ್ ಟೂರ್‌ನಲ್ಲಿ ಅವನು ಬಾಸ್ ಹಿಡಿದದ್ದೇ ಕಡಿಮೆ. ಎಷ್ಟೋ ಕಡೆ ಅವನ ಬ್ಯಾಂಡ್‌ನ ಜಿ. ಇ. ಸ್ಮಿತ್ ನುಡಿಸಿದ್ದು. ಅದು ನಾಟಕ. ಒಳ್ಳೇ ನಾಟಕ, ಆದರೆ ನಾಟಕ.

ಹಳೇ_ಕ್ಯಾಸೆಟ್
ಮಿಶ್ರಛಾಪು! ಇದನ್ನು ನನ್ನ ಅಕ್ಕನ ಮಗನಿಗೆ ಹೇಳಲೇಬೇಕು, ಮೃದಂಗ ಅರ್ಧಕ್ಕೆ ಬಿಟ್ಟವನು.

ಧಾರವಾಡಿ
ಏಳಕ್ಕೇ ಇರತದ ಅಂತ ತಿಳ್ಕೋಬ್ಯಾಡ್ರಿ. ನಡುವಿನ ಗಿಟಾರ್ ಸೋಲೊದಾಗ ತಾಳ ನಾಲ್ಕಕ್ಕ ಬದಲಾಗತದ. ಅಲ್ಲಿ ನೀವು ಏಳಕ್ಕ ಹೊಡದಿದ್ರ ನೀವೇ ತಪ್ಪು ಹೊಡದೀರಿ.

ಕುಡ್ಲದ_ಬಾಸ್
ಅಲ್ಲಿ ನಾನು ಸುಮ್ಮನಿದ್ದೆ ಮಾರಾಯ್ರೆ. ಬಾಸ್ ನುಡಿಸುವವನಿಗೆ ಅಷ್ಟೂ ಗೊತ್ತಿಲ್ವಾ?

ಧಾರವಾಡಿ
ನಾನು ಲಂಡನ್‌ನಾಗ ಸೌಂಡ್ ಕೆಲಸ ಮಾಡತೀನ್ರಿ, ಅದಕ್ಕ ಬಾಯಿ ತಡಿಯಾಂಗಿಲ್ಲ. ಈಗ ನನ್ನ ಗೋಳು ಕೇಳ್ರಿ. 2011ರ ಮೇದಾಗ ಓ2 ಅರೀನಾಕ್ಕ ದ ವಾಲ್ ಬಂದಿತ್ತು, ಒಂದು ವಾರದಾಗ ಹಲವು ರಾತ್ರಿ. ಗೆಳೆಯಾ ಕೇಳಿದ, ಯಾವ ರಾತ್ರಿಗೆ ತೊಗೊಳ್ಳೋಣು? ನಾ ಅಂದೆ, ಎಲ್ಲಾ ಒಂದೇ ಶೋ, ಯಾವದಾದ್ರೂ ತೊಗೋ. 12ನೇ ತಾರೀಖು ಬಿಟ್ಟು ಬೇರೆ ದಿನ ತೊಗೊಂಡಾ.

12ಕ್ಕ ಏನಾತು ಅಂತ ಎಲ್ಲಾರಿಗೂ ಗೊತ್ತದ.

ಸುಮ್ನೆ_ಓದುಗ
ನನಗೆ ಗೊತ್ತಿಲ್ಲ.

ಗಿಲ್ಮೋರ್_ಪಕ್ಷ
ನಾನು ಹೇಳ್ತೀನಿ, ಇದು ನನ್ನ ಡಿಪಾರ್ಟ್‌ಮೆಂಟ್. ಕಂಫರ್ಟಬ್ಲಿ ನಂಬ್ ಹಾಡಿಗೆ ಗೋಡೆಯ ಮೇಲೆ ದೀಪ ಬಿತ್ತು, ನೋಡಿದರೆ ಡೇವಿಡ್ ಗಿಲ್ಮೋರ್! ಸಾಕ್ಷಾತ್! ಹಾಡಿ, ಸೋಲೊ ನುಡಿಸಿ, ಕೊನೆಗೆ ಪಿಂಕ್ ಫ್ಲಾಯ್ಡ್ ಡ್ರಮ್ಮರ್ ನಿಕ್ ಮೇಸನ್ ಕೂಡ ಬಂದು ಮೂವರೂ ಬಿದ್ದ ಗೋಡೆ ಮುಂದೆ ಒಂದು ಹಾಡು ಮುಗಿಸಿದರು. ವಾಟರ್ಸ್ ಸುಮಾರು ಮೂರು ವರ್ಷದಲ್ಲಿ 219 ಶೋ ಮಾಡಿದ್ದಾನೆ, ಅದರಲ್ಲಿ ಒಂದೇ ರಾತ್ರಿ.

ಅದು ಹೇಗಾಯ್ತು ಅನ್ನೋದು ಇನ್ನೂ ಮಜಾ. 2010ರ ಜುಲೈನಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಗಿಲ್ಮೋರ್ ಕರೆದ, ಜೊತೆಗೆ ಒಂದು ಹಳೇ ಪ್ರೇಮಗೀತೆಯನ್ನೂ ಹಾಡು ಅಂದ. ವಾಟರ್ಸ್‌ಗೆ ಆ ಹಾಡು ಹಾಡೋಕೆ ಧೈರ್ಯ ಸಾಲಲಿಲ್ಲ, ಹಿಂದೇಟು ಹಾಕಿದ. ನೀನು ಅದನ್ನು ಹಾಡಿದರೆ ನಾನು ನಿನ್ನ ಗೋಡೆ ಶೋಗೆ ಒಂದು ರಾತ್ರಿ ಬಂದು ಸೋಲೊ ನುಡಿಸ್ತೀನಿ ಅಂತ ಇವನು ಮಾತು ಕೊಟ್ಟ. ಅವನು ಹಾಡಿದ, ಇವನು ಬಂದ. ಲೆಕ್ಕ ಚುಕ್ತಾ.

ಧಾರವಾಡಿ
ನಾ ಅವತ್ತು ಮನ್ಯಾಗ ಕೂತು ಜೋಳದ ರೊಟ್ಟಿ ಬಡೀಲಿಕ್ಕೆ ಕಲೀತಿದ್ದೆ. ಅದೂ ಬರಲಿಲ್ಲ.

ಮೇಖ್ರಿ_ಸರ್ಕಲ್
ಧಾರವಾಡಿ ಅವರೇ, ಇದಕ್ಕಿಂತ ದೊಡ್ಡ ದುಃಖ ಈ ಚರ್ಚೆಯಲ್ಲಿ ಯಾರಿಗೂ ಬರಲ್ಲ. ನೀವು ಗೆದ್ದಿರಿ.

ನನ್ನ ತಪ್ಪು ಒಪ್ಕೊಳ್ತೀನಿ, ಪಿಂಕ್ ಫ್ಲಾಯ್ಡ್ ಅಲ್ಲ, ವಾಟರ್ಸ್. ಆದರೆ 2002ರ ಬ್ಯಾಂಡ್ ಬಾಡಿಗೆ ಬ್ಯಾಂಡ್ ಅನ್ನೋದನ್ನ ಒಪ್ಪಲ್ಲ. ಗಿಟಾರಿಸ್ಟ್ ಸ್ನೋವಿ ವೈಟ್ 1977ರಲ್ಲೇ ಪಿಂಕ್ ಫ್ಲಾಯ್ಡ್ ಜೊತೆ ಟೂರ್ ಮಾಡಿದವನು, 1980ರ ವಾಲ್ ಶೋಗಳಲ್ಲೂ ಇದ್ದ. ಆಂಡಿ ಫೇರ್‌ವೆದರ್ ಲೋ ಎಂಬತ್ತರ ದಶಕದಿಂದ ವಾಟರ್ಸ್ ಜೊತೆಗಿದ್ದಾನೆ. ಕೀಬೋರ್ಡ್‌ನಲ್ಲಿ ಅವನ ಸ್ವಂತ ಮಗ ಹ್ಯಾರಿ. ಮಗನನ್ನೂ ಬಾಡಿಗೆ ಅಂತೀರಾ?

ಗಿಲ್ಮೋರ್_ಪಕ್ಷ
ಮಗನಿಗೆ ಸಂಬಳ ಕೊಟ್ಟಿದ್ದರೆ ಬಾಡಿಗೆನೇ.

ಹಳೇ_ಕ್ಯಾಸೆಟ್
ಸರಿ, ನನ್ನ 2002 ಕೂಡ ಬರೆದುಬಿಡ್ತೀನಿ, ಅಕ್ಕನ ಮಗ ಓದಲಿ.

ಮಲ್ಲೇಶ್ವರದಿಂದ ಅಪ್ಪನ ಚೇತಕ್ ಸ್ಕೂಟರ್‌ನಲ್ಲಿ ಹೋದೆ. ಹೊರಡುವಾಗ ಅಪ್ಪ ಕೇಳಿದ್ದರು, "ಯಾರೋ ಅವನು ವಾಟರ್ಸು? ಜಲಮಂಡಳಿಯವನಾ?" ಅಗ್ಗದ ಟಿಕೆಟ್, ಬಹಳ ಹಿಂದೆ. ಸೆಕೆ ಅಂದರೆ ಸೆಕೆ. ಮುಂದಿನವನ ಶರಟಿನ ಬೆನ್ನಿಗೆ ಧೂಳು ಅಂಟಿ ಭೂಪಟದ ಹಾಗೆ ಕಾಣ್ತಿತ್ತು, ಅರ್ಧ ಶೋ ನಾನು ನೋಡಿದ್ದು ಅದನ್ನೇ. ಮದರ್ ಹಾಡಿಗೆ ಎಲ್ಲರೂ ದನಿ ಸೇರಿಸಿದರು. ನನ್ನ ಪಕ್ಕ ಒಬ್ಬರು ಐವತ್ತು ದಾಟಿದ ಯಜಮಾನರು, ಕಚೇರಿಯಿಂದ ನೇರ ಬಂದಿದ್ದರು ಅನ್ಸುತ್ತೆ, ಕೈಯಲ್ಲಿ ಟಿಫಿನ್ ಡಬ್ಬಿ. ಡಾಗ್ಸ್ ಶುರುವಾದಾಗ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿ ನಿಂತರು. ಹದಿನಾರು ಹದಿನೇಳು ನಿಮಿಷ ನಾನು ಡಬ್ಬಿ ಹಿಡ್ಕೊಂಡೇ ಇದ್ದೆ. ಹಾಡು ಮುಗಿದ ಮೇಲೆ ವಾಪಸ್ ತಗೊಂಡರು. ಒಂದು ಮಾತೂ ಆಡಲಿಲ್ಲ.

ವಾಪಸ್ ಬರುವಾಗ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ಸ್ಯಾಂಕಿ ಕೆರೆ ತನಕ ತಳ್ಳಿಕೊಂಡು ಬಂದೆ. ಬಗ್ಗಿಸಿ ಒದ್ದರೂ ಇಲ್ಲ. ಮನೆಗೆ ಬಂದಾಗ ಅಮ್ಮ ಮೊಸರನ್ನ ಮುಚ್ಚಿಟ್ಟಿದ್ದರು.

ವಿಮಾನ ಇರಲಿಲ್ಲ, ಗೋಡೆ ಇರಲಿಲ್ಲ. ಹಿಂದೆ ಒಂದು ಪರದೆ, ಮುಂದೆ ಬ್ಯಾಂಡ್.

ಟೊರಾಂಟೊ_ತುಂಗಾ
ಹಿಮ ಎತ್ತಿ ಬಂದೆ. ಕ್ಯಾಸೆಟ್ ಅವರೇ, ಆ ಟಿಫಿನ್ ಡಬ್ಬಿಗೆ ನಾನು ಮೂರು ಟೂರ್ ಕೊಟ್ಟುಬಿಡ್ತೀನಿ.

2017ರದು ಅಸ್ ಪ್ಲಸ್ ದೆಮ್. ಎರಡನೇ ಭಾಗದಲ್ಲಿ ಪ್ರೇಕ್ಷಕರ ನಡುವೆಯೇ, ತಲೆ ಮೇಲೆ, ಉದ್ದಕ್ಕೂ ಪರದೆಗಳು ಇಳಿದು ಅನಿಮಲ್ಸ್ ಮುಖಪುಟದ ಬ್ಯಾಟರ್‌ಸೀ ವಿದ್ಯುತ್ ಕೇಂದ್ರ ಆಗುತ್ತೆ, ಅದರ ನಾಲ್ಕು ಚಿಮಣಿ ಮೇಲೇಳುತ್ತವೆ. ಡಾಗ್ಸ್ ಹಾಡಿನ ಮಧ್ಯೆ ಬ್ಯಾಂಡ್‌ನವರು ಹಂದಿ ಮುಖವಾಡ ಹಾಕ್ಕೊಂಡು ಮೇಜು ಸುತ್ತ ಕೂತು ಷಾಂಪೇನ್ ಕುಡೀತಾರೆ. ಕೊನೆಗೆ ಲೇಸರ್ ಬೆಳಕಿನ ಪಿರಮಿಡ್. ಆದರೆ ನನಗೆ ನೆನಪಿರೋದು ಆ ಇಬ್ಬರು ಹುಡುಗೀರು, ಜೆಸ್ ವುಲ್ಫ್ ಮತ್ತು ಹಾಲಿ ಲೆಸಿಗ್. ಗ್ರೇಟ್ ಗಿಗ್ ಹಾಡನ್ನು ಮೂಲದ ಹಾಗೆ ಕೂಗಲಿಲ್ಲ, ಇಬ್ಬರೂ ಮೆತ್ತಗೆ ಸೇರಿಸಿ ಹಾಡಿದರು. ಕುಡ್ಲದವರೇ, ಇದೋ ನಿಮ್ಮ ಸಂಗೀತ.

2022ರದು ಸಭಾಂಗಣದ ನಟ್ಟನಡುವೆ ವೇದಿಕೆ. ಮೊದಲು ವೇದಿಕೆಯೇ ಕಾಣಲ್ಲ, ಅದರ ಮೇಲೆ ಶಿಲುಬೆ ಆಕಾರದ ದೊಡ್ಡ ಪರದೆ ಕೂತಿರುತ್ತೆ. ಕಂಫರ್ಟಬ್ಲಿ ನಂಬ್‌ನಿಂದಲೇ ಶೋ ಶುರು, ಅದೂ ಗಿಟಾರ್ ಸೋಲೊ ಇಲ್ಲದೆ! ಶವಯಾತ್ರೆ ಥರ, ನಿಧಾನಕ್ಕೆ.

ಗಿಲ್ಮೋರ್_ಪಕ್ಷ
ಸೋಲೊ ಇಲ್ಲದ ಕಂಫರ್ಟಬ್ಲಿ ನಂಬ್. ಒಗ್ಗರಣೆ ಇಲ್ಲದ ಚಿತ್ರಾನ್ನ. ಹೊಟ್ಟೆಕಿಚ್ಚು ಇನ್ನು ಹೇಗಿರುತ್ತೆ ಹೇಳಿ.

ಟೊರಾಂಟೊ_ತುಂಗಾ
ನಾನೂ ಹಾಗೇ ಅಂದ್ಕೊಂಡು ಹೋಗಿದ್ದೆ. ಕೇಳಿದ ಮೇಲೆ ಬೇರೆ ಅನ್ನಿಸ್ತು. ಎಪ್ಪತ್ತೆಂಟರ ಮುದುಕ, ದನಿ ಹಳೇದಲ್ಲ. ಆ ಹಾಡು ಒಬ್ಬ ಕಾಯಿಲೆ ಮನುಷ್ಯನ ಹಾಡೇ ತಾನೆ? ಸೋಲೊ ಬಂದರೆ ನಾವು ಕೈ ಎತ್ತಿ ಸಂಭ್ರಮ ಪಡ್ತೀವಿ. ಇಲ್ಲಿ ಸಂಭ್ರಮಕ್ಕೆ ಜಾಗನೇ ಕೊಡಲಿಲ್ಲ.

ನ್ಯೂಜೆರ್ಸಿ_ನಾಣಿ
2017ರಲ್ಲಿ ನೆವಾರ್ಕ್‌ನಲ್ಲಿ ನಾನೂ ನೋಡಿದೆ. ಪಿಗ್ಸ್ ಹಾಡಿಗೆ ಪರದೆ ತುಂಬ ಟ್ರಂಪ್ ಗೇಲಿ. ನನ್ನ ಸಾಲಿನಲ್ಲಿ ಇಬ್ಬರು ಎದ್ದು ಬೈಕೊಂಡು ಹೋದರು. ಹೋಗೋರಿಗೆ ಒಂದು ಮಾತು. 1977ರಲ್ಲೇ ಅನಿಮಲ್ಸ್ ಬರೆದವನ ಶೋಗೆ ಬಂದು ರಾಜಕೀಯ ಬೇಡ ಅಂದರೆ ಹೇಗೆ? ಯಕ್ಷಗಾನಕ್ಕೆ ಹೋಗಿ ಚೆಂಡೆ ಬೇಡ ಅಂದ ಹಾಗೆ. 2022ರಲ್ಲಂತೂ ಶೋ ಶುರುವಾಗೋ ಮೊದಲೇ ಘೋಷಣೆ, ಹಾಡು ಬೇಕು ರಾಜಕೀಯ ಬೇಡ ಅನ್ನೋರು ಬಾರ್ ಕಡೆ ತೊಲಗಿ ಅಂತ.

ಮೇಖ್ರಿ_ಸರ್ಕಲ್
ದುಡ್ಡು ಕೊಟ್ಟು ಬಂದವರನ್ನೇ ತೊಲಗಿ ಅನ್ನೋದು ಯಾವ ಸೀಮೆ ಮರ್ಯಾದೆ? ನನಗೆ ಅವನ ಅರ್ಧ ಮಾತು ಸರಿ ಅನ್ಸುತ್ತೆ, ಅರ್ಧ ಅನ್ಸಲ್ಲ. ಆದರೆ ಹಾಡಿನಲ್ಲಿ ಹೇಳಿದ್ದನ್ನೇ ಮತ್ತೆ ಪರದೆ ಮೇಲೆ ದೊಡ್ಡಕ್ಷರದಲ್ಲಿ ಬರೀಬೇಕಾ? 2002ರಲ್ಲಿ ಪರ್ಫೆಕ್ಟ್ ಸೆನ್ಸ್, ಅಮ್ಯೂಸ್ಡ್ ಟು ಡೆತ್ ಹಾಡಿದ. ಯುದ್ಧ, ಟಿವಿ, ದುಡ್ಡು ಎಲ್ಲಾ ಅದರಲ್ಲೇ ಇತ್ತು. ಯಾರೂ ಬೋರ್ಡ್ ಹಿಡೀಲಿಲ್ಲ, ನಮಗೆ ಅರ್ಥ ಆಯ್ತು.

ನ್ಯೂಜೆರ್ಸಿ_ನಾಣಿ
ನಿಮಗೆ ಅರ್ಥ ಆಯ್ತು. ಎದ್ದು ಹೋದ ಆ ಇಬ್ಬರು ನಲವತ್ತು ವರ್ಷದಿಂದ ಪಿಗ್ಸ್ ಕೇಳ್ತಿದ್ದವರ ಥರ ಕಂಡರು, ಅವರಿಗೆ ಆಗಿರಲಿಲ್ಲ. 2018ರಲ್ಲಿ ಬ್ರೆಜಿಲ್‌ನಲ್ಲೂ ಇದೇ ಕಥೆ, ಚುನಾವಣೆ ಹೊತ್ತು, ಸಾವೊ ಪೌಲೊದಲ್ಲಿ ಅರ್ಧ ಕ್ರೀಡಾಂಗಣ ಕೂಗಿ ಧಿಕ್ಕಾರ, ಅರ್ಧ ಜೈಕಾರ.

ಧಾರವಾಡಿ
2023ರಾಗ ಫ್ರಾಂಕ್‌ಫರ್ಟ್‌ನಾಗ ಶೋ ರದ್ದು ಮಾಡಲಿಕ್ಕೆ ಹೋಗಿದ್ರು, ಕೋರ್ಟ್ ನಡಸ್ರಿ ಅಂತು. ಬರ್ಲಿನ್‌ನಾಗ ನಾಜಿ ಅಧಿಕಾರಿ ಥರದ ಕರೀ ಕೋಟಿನ ವೇಷಕ್ಕ ಪೊಲೀಸ್ ತನಿಖೆ. ಆ ವೇಷ ಅವಾ ದ ವಾಲ್ ಶೋದಾಗ ಮೊದಲಿಂದ್ಲೂ ಹಾಕ್ಕೋತ ಬಂದಾನ, ಸರ್ವಾಧಿಕಾರಿನ್ನ ಅಣಕಸಲಿಕ್ಕೆ. ಇನ್ನ ಇಸ್ರೇಲ್ ವಿಷಯ ತಗದ್ರ...

ನಿರ್ವಾಹಕ
ತೆಗೀಬೇಡಿ. ಹೋದ ಸಲ ಆ ವಿಷಯಕ್ಕೆ ಮೂರು ಚರ್ಚೆ ಬೀಗ ಹಾಕಿದ್ದೀನಿ. ಟೂರ್ ಬಗ್ಗೆ ಮಾತಾಡಿ.

ಸುಮ್ನೆ_ಓದುಗ
ನಿರ್ವಾಹಕರು ಬಾರ್ ಕಡೆ ಕಳಿಸ್ತಿದ್ದಾರೆ.

ಕುಡ್ಲದ_ಬಾಸ್
ಅರಮನೆ ಮೈದಾನ ಅಂದದ್ದಕ್ಕೆ ನೆನಪಾಯಿತು. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಸಹ ಅಲ್ಲೇ ಅಲ್ವಾ? ಏಪ್ರಿಲ್‌ನ ಮಳೆ, ನನ್ನ ಕೆಂಪು ಟೀ ಶರ್ಟಿನ ಬಣ್ಣ ಬಿಟ್ಟು ಮೈಯೆಲ್ಲ ಕೆಂಪಾಗಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಹೆದರಿ "ಏನಾಯ್ತು ರೀ, ಆಸ್ಪತ್ರೆಗೆ ಹೋಗ್ತೀರಾ" ಅಂದ.

ಮೇಖ್ರಿ_ಸರ್ಕಲ್
2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಗುರ್‌ಗಾಂವ್‌ನಲ್ಲಿ ಮೆಟಾಲಿಕಾ ರದ್ದಾಯ್ತು, ನಮ್ಮಲ್ಲಿ ಆಯ್ತು. ಈಗ ಆ ಮೈದಾನಕ್ಕೆ ನಾನು ಹೋಗೋದು ಮದುವೆ ಊಟಕ್ಕೆ ಮಾತ್ರ. ಕಳೆದ ಸಲ ಹೋಳಿಗೆ ತಿಂತಾ ಲೆಕ್ಕ ಹಾಕಿದೆ, ವೇದಿಕೆ ಇದ್ದಿದ್ದು ಎಲ್ಲಿ ಅಂತ. ಗೊತ್ತಾಗಲಿಲ್ಲ.

ಧಾರವಾಡಿ
ಯಾರೂ 1984, 1987ರ ಟೂರ್ ಸುದ್ದಿನೇ ಎತ್ತವಲ್ರಿ? 84ರಾಗ ಅವನ ಗಿಟಾರಿಸ್ಟ್ ಯಾರು ಅಂದ್ರ ಎರಿಕ್ ಕ್ಲಾಪ್ಟನ್! 87ರಾಗ ಪ್ರೇಕ್ಷಕರ ನಡುವ ಒಂದು ಫೋನ್ ಬೂತ್ ಇಟ್ಟಿದ್ರು, ಜನ ಒಳಗ ಹೋಗಿ ನೇರ ಅವಂಗ ಪ್ರಶ್ನೆ ಕೇಳಬಹುದಿತ್ತು. ಆದ್ರ ಅದೇ ವರ್ಷ ಗಿಲ್ಮೋರ್ ಮಂದಿ ಪಿಂಕ್ ಫ್ಲಾಯ್ಡ್ ಹೆಸರಿನ್ಯಾಗ ದೊಡ್ಡ ದೊಡ್ಡ ಕ್ರೀಡಾಂಗಣ ತುಂಬಸ್ತಿದ್ರು, ಇವಾ ಸಣ್ಣ ಸಭಾಂಗಣದಾಗ ಫೋನ್ ಎತ್ತಕೋತ ಕೂತಿದ್ದಾ.

ಗಿಲ್ಮೋರ್_ಪಕ್ಷ
ಸತ್ಯ ನುಡಿದಿರಿ. ನನಗೂ ಒಂದು ನಿಜ ಹೇಳೋಕಿದೆ, ನಗಬೇಡಿ. ನಾನೂ 2002ರಲ್ಲಿ ಬಂದಿದ್ದೆ. ಬೈಯೋಕೆ ಅಂತಲೇ. ಗಿಟಾರಿಸ್ಟ್ ಚೆಸ್ಟರ್ ಕೇಮನ್ ಹೇಗೆ ನುಡಿಸ್ತಾನೆ ನೋಡೋಣ ಅಂತ ಕೈ ಕಟ್ಟಿ ನಿಂತಿದ್ದೆ. ವಿಶ್ ಯು ವರ್ ಹಿಯರ್ ತನಕ ಕಟ್ಟಿದ ಕೈ ಬಿಡಲಿಲ್ಲ. ಆಮೇಲೆ ಬಿಟ್ಟೆ. ಇಷ್ಟೇ ಹೇಳೋದು.

ಮೇಖ್ರಿ_ಸರ್ಕಲ್
ಇಷ್ಟು ವರ್ಷ ಮುಚ್ಚಿಟ್ಟಿದ್ರಾ!

ಹಳೇ_ಕ್ಯಾಸೆಟ್
ಅಕ್ಕನ ಮಗ ಎಲ್ಲಾ ಓದಿದ. ತೀರ್ಪು: ನೋಡೋಕೆ ದ ವಾಲ್, ಕೇಳೋಕೆ ಮುಂಬೈ, "ಮಾಮನ ಶೋದಲ್ಲಿ ಬೆಸ್ಟ್ ಅಂದ್ರೆ ಟಿಫಿನ್ ಡಬ್ಬಿ". ಟಿಕೆಟ್ ಎಲ್ಲಿ ತೋರಿಸು ಅಂತಿದ್ದಾನೆ ಈಗ. ಅಟ್ಟದ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಟ್ಟ ನೆನಪು. ಸ್ಟೂಲ್ ಹಾಕಿ ಹತ್ತಿದರೆ ಡಬ್ಬ ಇಲ್ಲ. ಮನೆಗೆ ಬಣ್ಣ ಹೊಡೆಸಿದಾಗ ಎಲ್ಲೋ ಹೋಗಿದೆ.

ಟೊರಾಂಟೊ_ತುಂಗಾ
ಸಿಗುತ್ತೆ ಬಿಡಿ. 2008ರಲ್ಲಿ ಕೋಚೆಲ್ಲಾ ಉತ್ಸವದಲ್ಲಿ ಅವನ ಗಾಳಿ ತುಂಬಿದ ಹಂದಿಯೇ ಹಾರಿಹೋಗಿತ್ತು. ಹುಡುಕಿ ಕೊಟ್ಟವರಿಗೆ 10,000 ಡಾಲರ್ ಅಂದರು, ಕೆಲವೇ ದಿನದಲ್ಲಿ ಸಿಕ್ಕಿತು.

ಧಾರವಾಡಿ
ಸಿಕ್ಕಿದ್ದು ಹರದು ಚಿಂದಿ ಆಗಿ, ಯಾರದೋ ಮನೀ ಮುಂದ.

ಹಳೇ_ಕ್ಯಾಸೆಟ್
ಚಿಂದಿ ಆದರೂ ಪರವಾಗಿಲ್ಲ. ಅಮ್ಮ ಈಗ ಹೇಳ್ತಿದ್ದಾರೆ, ಆ ಡಬ್ಬದಲ್ಲಿ ಸಾಸಿವೆ ಹಾಕಿಟ್ಟಿದ್ದೀನಿ ಅಂತ. ಅಡುಗೆಮನೆಗೆ ಹೋಗಿ ಬಂದೆ. ಇರಿ, ಫೋಟೋ ತೆಗೀತೀನಿ.